ಚಾಕ್‌ಪೀಸ್ ಯಾರ ಕೈಯಲ್ಲಿ

ಮಕ್ಕಳು ನನಗಿಟ್ಟ ಹೆಸರು ಕೆಂಪು ಪೆನ್ನು. ಎದುರಿಗೆ ಯಾರೂ ಹಾಗೆ ಕರೆದಿಲ್ಲ, ಕರೆಯುವ ಧೈರ್ಯ ಯಾರಿಗಿದೆ? ಮೂವತ್ತೊಂದು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ತಪ್ಪು ಲೆಕ್ಕವೊಂದು ಕಣ್ಣಿಗೆ ಬಿದ್ದರೆ ಅದನ್ನು ಹೊಡೆದು ಹಾಕುವವರೆಗೆ ನನಗೆ ಊಟ ಸೇರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಟಿಕೆಟ್ಟಿನ ಹಿಂದೆ ಗೀಚಿಕೊಂಡಿದ್ದ ಕೂಡುವ ಲೆಕ್ಕವನ್ನೂ ಕೇಳದೆ ತಿದ್ದಿ, ಬೈಸಿಕೊಂಡವನು ನಾನು.

ನನ್ನ ಮಗಳೂ ನನ್ನ ಶಿಷ್ಯೆಯೇ. ಗಣಿತದಲ್ಲಿ ಒಂದು ಅಂಕವನ್ನೂ ಕಳೆದುಕೊಂಡವಳಲ್ಲ. ಈಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ದಿನಾ ಮಧ್ಯಾಹ್ನ ಫೋನ್ ಮಾಡಿ ಯಾವುದಾದರೊಂದು ಲೆಕ್ಕ ಓದಿ, "ಸರೀನಾ ಅಪ್ಪಾ?" ಅನ್ನುತ್ತಾಳೆ. ಅಪ್ಪನ ಮೇಲೆ ಎಷ್ಟು ಗೌರವ ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಬೀಗುತ್ತಿದ್ದೆ.

ಇಂಥ ನನ್ನನ್ನು ಆ ದಿನ ಏಳನೇ ತರಗತಿಯ ಕೊನೆಯ ಬೆಂಚಿನಲ್ಲಿ, ಸ್ಕೂಲ್ ಇನ್ಸ್‌ಪೆಕ್ಟರ್ ಪಕ್ಕದಲ್ಲಿ, ಬಾಯಿ ಮುಚ್ಚಿಕೊಂಡು ಕೂರಲು ಹೇಳಿದ್ದರು. ಹೊಸ ಟೀಚರ್ ಕೆಲಸ ಕಾಯಂ ಆಗಬೇಕೋ, ತಿಂಗಳ ಕೊನೆಗೆ ಅವಳು ಮನೆಗೆ ಹೋಗಬೇಕೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಇನ್ಸ್‌ಪೆಕ್ಟರ್ ಒಂದು ವರದಿ ಬರೆಯಬೇಕು, ಹಿರಿಯ ಮೇಷ್ಟ್ರಾದ ನಾನು ಇನ್ನೊಂದು. ಎರಡೂ ತಾಳೆಯಾಗದಿದ್ದರೆ ನನ್ನ ಮಾತೇ ಅಂತಿಮ. ನನ್ನದು ಹಿಂದಿನ ದಿನವೇ ಸಿದ್ಧವಾಗಿ ಜೇಬಿನಲ್ಲಿತ್ತು: 'ತರಗತಿಯ ಮೇಲೆ ಹಿಡಿತವಿಲ್ಲ.' ಸಹಿ ಮಾತ್ರ ಬಾಕಿ.

ಈ ಹೊಸ ಟೀಚರಿಗೆ ಒಂದು ಹುಚ್ಚಿತ್ತು. ವಾರಕ್ಕೊಮ್ಮೆ ಒಂದು ಮಗುವಿನ ಕೈಗೆ ಚಾಕ್‌ಪೀಸ್ ಕೊಟ್ಟು, ತಾನು ಹೋಗಿ ಆ ಮಗುವಿನ ಜಾಗದಲ್ಲಿ ಕೂರುತ್ತಿದ್ದಳು. ಚಾಕ್‌ಪೀಸ್ ಯಾರ ಕೈಯಲ್ಲಿದೆಯೋ ಅವರೇ ಟೀಚರ್. ಉಳಿದವರೆಲ್ಲ, ಅವಳೂ ಸೇರಿ, ಕೈ ಎತ್ತಿ ಕೇಳಿಯೇ ಮಾತಾಡಬೇಕು.

"ಮಕ್ಕಳೇ ಪಾಠ ಮಾಡೋದಾದ್ರೆ ನಿಮಗ್ಯಾಕಮ್ಮಾ ಸಂಬಳ?" ಎಂದು ನಾನು ಒಮ್ಮೆ ಕುಟುಕಿದ್ದೆ.

"ಮುಂದೆ ಅವ್ರ ಪಕ್ಕ ನಾವಿರಲ್ಲವಲ್ಲ ಸರ್," ಅಂದಿದ್ದಳು. ಎದುರುತ್ತರ ಅನ್ನಿಸಿ ಎರಡು ದಿನ ಮಾತು ಬಿಟ್ಟಿದ್ದೆ.

ಇನ್ಸ್‌ಪೆಕ್ಟರ್ ಬಂದ ದಿನವಾದರೂ ಈ ಆಟ ಬಿಡಬಹುದಿತ್ತು. ಬಿಡಲಿಲ್ಲ. ಅದೂ ಸರದಿ ಯಾರದು? ಪಿಸುವಿನದು. ಹಾಜರಿ ಕೂಗಿದರೆ ಈ ಹನ್ನೆರಡು ವರ್ಷದ ಹುಡುಗಿಯ ತುಟಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಅದಕ್ಕೇ ತರಗತಿಯವರು ಆ ಹೆಸರಿಟ್ಟಿದ್ದರು.

ಪಿಸು ಬೋರ್ಡಿನ ಮೇಲೆ ಬರೆದಳು: ಒಂದು ನಲ್ಲಿ ತೊಟ್ಟಿಯನ್ನು ಮೂರು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು ಆರು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ಮೂರಕ್ಕೆ ಆರು ಕೂಡಿಸಿದಳು. ಒಂಬತ್ತು. ಅರ್ಧ ಮಾಡಿದಳು. ನಾಲ್ಕೂವರೆ ಗಂಟೆ. ಅಡಿಗೆರೆ ಎಳೆದು ಮಕ್ಕಳ ಕಡೆ ತಿರುಗಿದಳು.

ನನ್ನ ನಾಲಿಗೆ ತುರಿಸತೊಡಗಿತು. ಮೂವತ್ತೆಂಟು ತಲೆಗಳು ಬಗ್ಗಿ ಆ ತಪ್ಪನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಿದ್ದವು.

ಹೊಸ ಟೀಚರ್ ಎರಡನೇ ಬೆಂಚಿನಲ್ಲಿ ಮೊಣಕಾಲು ಮಡಚಿ ಹೇಗೋ ತೂರಿಕೊಂಡಿದ್ದಳು. ಅವಳಿಗೆ ಗೊತ್ತಾಗಿತ್ತು. ಡೆಸ್ಕಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ಬೆಳ್ಳಗಾಗಿತ್ತು. ಆದರೂ ಕೈ ಎತ್ತಲಿಲ್ಲ.

"ಉತ್ತರ ಸರೀನಾ ಮೇಷ್ಟ್ರೇ?" ಇನ್ಸ್‌ಪೆಕ್ಟರ್ ನನ್ನ ಕಿವಿಯ ಹತ್ತಿರ ಕೇಳಿದರು.

"ತಪ್ಪು."

"ಆಯಮ್ಮನಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿದೆ."

"ಮತ್ತೆ ಕಲ್ಲಿನ ಥರ ಕೂತಿದಾರಲ್ಲ!" ಅವರ ಪೆನ್ನು ಹಾಳೆಯ ಮೇಲೆ ಓಡಿತು.

ಗೋಡೆ ಗಡಿಯಾರದಲ್ಲಿ ಒಂದು ನಿಮಿಷ ಕಳೆಯಿತು. ಎರಡಾಯಿತು. ಮುಂದಿನ ಬೆಂಚಿನವನೊಬ್ಬ ಸ್ಕೇಲ್ ಇಟ್ಟು ನಾಲ್ಕೂವರೆಗೆ ಚೌಕ ಕಟ್ಟುತ್ತಿದ್ದ. ನನ್ನಿಂದ ತಡೆಯಲಾಗಲಿಲ್ಲ. ಎದ್ದೆ. ಬೆಂಚುಗಳ ನಡುವೆ ದಾಪುಗಾಲು ಹಾಕಿ ಬೋರ್ಡಿನ ಹತ್ತಿರ ಹೋಗಿ ಡಸ್ಟರಿಗೆ ಕೈ ಹಾಕಿದೆ.

"ಸರ್."

ದನಿ ಎಲ್ಲಿಂದ ಬಂತೆಂದು ಮೊದಲು ಗೊತ್ತಾಗಲಿಲ್ಲ. ಪಿಸುವಿನದು. ಚಾಕ್‌ಪೀಸನ್ನು ಎದೆಗೆ ಅವಚಿ ಹಿಡಿದಿದ್ದಳು.

"ಚಾಕ್‌ಪೀಸ್ ನನ್ ಕೈಲಿದೆ ಸರ್. ನೀವು... ನೀವು ಕೈ ಎತ್ಬೇಕು."

ನನ್ನ ಕಿವಿ ಬಿಸಿಯಾಯಿತು. ಮೂವತ್ತೊಂದು ವರ್ಷದಲ್ಲಿ ಒಂದು ನರಪಿಳ್ಳೆಯೂ ನನ್ನನ್ನು ತಡೆದಿರಲಿಲ್ಲ. ಕೋಪದಿಂದ ಹೊಸ ಟೀಚರ್ ಕಡೆ ತಿರುಗಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. 'ಸಾರಿ ಸರ್' ಎಂದು ಅವಳೊಂದು ಮಾತು ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು, ಕೆಲಸವೂ ಉಳಿಯುತ್ತಿತ್ತೇನೋ. ಅವಳು ನನ್ನನ್ನು ನೋಡಲೇ ಇಲ್ಲ. ಆ ಹುಡುಗಿಯನ್ನೇ ನೋಡುತ್ತಿದ್ದಳು.

ನಾನು ಕೈ ಎತ್ತಿದೆ. ಯಾಕೆ ಎತ್ತಿದೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

"ಕೇಳಿ ಸರ್," ಅಂದಳು ಪಿಸು.

ಎರಡು ಗಂಟೆ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಕಷ್ಟಪಟ್ಟು ನುಂಗಿದೆ. "ಮೊದಲನೇ ನಲ್ಲಿ ಒಂದನ್ನೇ ಬಿಟ್ರೆ ತೊಟ್ಟಿ ತುಂಬೋಕೆ ಎಷ್ಟು ಹೊತ್ತು ಬೇಕು?"

"ಮೂರು ಗಂಟೆ."

ನಾನು ಮುಂದಿನ ಬೆಂಚಿನ ತುದಿಯಲ್ಲಿ ಕೂತೆ. ಅವಳು ಬೋರ್ಡಿನ ಕಡೆ ತಿರುಗಿ ನಿಂತಳು. ಜಡೆಯ ತುದಿಯೂ ಅಲ್ಲಾಡಲಿಲ್ಲ. ಇನ್ಸ್‌ಪೆಕ್ಟರ್ ಎರಡು ಸಲ ಕೆಮ್ಮಿದರು.

"ಒಂದೇ ನಲ್ಲಿಗೆ ಮೂರು," ಎಂದು ತನಗೇ ಹೇಳಿಕೊಂಡಳು. "ಎರಡು ಬಿಟ್ರೆ ಇನ್ನೂ ಜಾಸ್ತಿ ಹೊತ್ತಾ? ಅದ್ಹೇಗೆ?"

ಮರುಕ್ಷಣ ಅಂಗೈಯಿಂದಲೇ ನಾಲ್ಕೂವರೆಯನ್ನು ಒರೆಸಿ ಹಾಕಿದಳು. "ಯಾರೂ ಬರ್ಕೋಬೇಡಿ! ನಂದು ತಪ್ಪಾಗಿದೆ!" ಆ ದನಿ ಕಾರಿಡಾರಿಗೂ ಕೇಳಿಸಿರಬೇಕು. ಗಂಟೆಗೆ ಒಂದು ನಲ್ಲಿಯಿಂದ ತೊಟ್ಟಿಯ ಮೂರನೇ ಒಂದು ಪಾಲು, ಇನ್ನೊಂದರಿಂದ ಆರನೇ ಒಂದು ಪಾಲು, ಸೇರಿ ಅರ್ಧ ತೊಟ್ಟಿ. ಎರಡು ಗಂಟೆ. ಬಿಡಿಸಿ ಬಿಡಿಸಿ ಹೇಳಿದಳು. ಚೌಕ ಕಟ್ಟಿದ್ದ ಹುಡುಗ ರಬ್ಬರ್ ಹುಡುಕತೊಡಗಿದ.

ಸ್ಟಾಫ್ ರೂಮಿನಲ್ಲಿ ಇನ್ಸ್‌ಪೆಕ್ಟರ್ ತಮ್ಮ ವರದಿ ತೋರಿಸಿದರು. "ಬೋರ್ಡ್ ಮೇಲೆ ತಪ್ಪು ಉತ್ತರ, ಟೀಚರ್ ಸುಮ್ಮನೆ. ನಾನು ಬೇಡ ಅಂತ ಬರ್ದಿದೀನಿ. ನಿಮ್ಮದು ಕೊಡಿ."

ಜೇಬಿನಿಂದ ಹಾಳೆ ತೆಗೆದೆ. ಬರೆದದ್ದನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿ ಕೆಳಗೆ ಬರೆದೆ: 'ಇವರನ್ನು ಕಾಯಂ ಮಾಡಬೇಕು.'

"ನಾಳೆ ಹೆಚ್ಚುಕಡಿಮೆ ಆದ್ರೆ ಹೊಣೆ ನಿಮ್ಮದು ಮೇಷ್ಟ್ರೇ."

"ನನ್ನದೇ." ಸಹಿ ಮಾಡಿದೆ. ಅವರು ಮುಖ ಗಂಟುಹಾಕಿಕೊಂಡು ಎರಡೂ ಹಾಳೆಗಳನ್ನು ಫೈಲಿಗೆ ಸೇರಿಸಿ ಹೊರಟರು.

ಅಷ್ಟರಲ್ಲಿ ಫೋನ್ ಬಂತು. ಮಗಳು.

"ಅಪ್ಪಾ, ಮಗು ಹನ್ನೆರಡು ಕೆ.ಜಿ. ಕೆ.ಜಿ.ಗೆ ಹದಿನೈದು ಮಿಲಿಗ್ರಾಂ ಅಂತ ಡಾಕ್ಟರು ಬರ್ದಿದಾರೆ. ಜ್ವರದ ಸಿರಪ್ಪು ಐದು ಎಂ.ಎಲ್.ಗೆ ನೂರಿಪ್ಪತ್ತು ಮಿಲಿಗ್ರಾಂ. ಏಳೂವರೆ ಎಂ.ಎಲ್. ಬಂತು. ಸರೀನಾ?"

ಸರಿಯಾಗಿತ್ತು. ಬಾಯಿ ತೆರೆದವನು ಹಾಗೇ ತಡೆದೆ.

"ನಿನಗೇನನ್ಸುತ್ತೆ?"

"ತಮಾಷೆ ಮಾಡ್ಬೇಡಪ್ಪಾ. ಮಗುವಿನ ಅಮ್ಮ ಎದುರಿಗೇ ನಿಂತಿದಾರೆ. ಸರೀನೋ ತಪ್ಪೋ ಹೇಳು."

"ನಾನು ಫೋನ್ ಎತ್ತದೇ ಇದ್ದಿದ್ರೆ?"

"ಎತ್ತೋವರೆಗೂ ಕಾಯಿಸ್ತಿದ್ದೆ."

ಜ್ವರದ ಮಗುವನ್ನು ಎತ್ತಿಕೊಂಡು ನಿಂತ ತಾಯಿಯನ್ನು ನನ್ನ ಮಗಳು ಕಾಯಿಸುತ್ತಾಳೆ, ಉತ್ತರ ತನ್ನ ಕೈಯಲ್ಲೇ ಇಟ್ಟುಕೊಂಡು. ಅವಳನ್ನು ಹಾಗೆ ಮಾಡಿದವನು ನಾನು. ನನಗೆ ನಾಚಿಕೆಯಾಯಿತು.

"ಇನ್ನೊಂದ್ಸಲ ನೀನೇ ಮಾಡಿ ನೋಡು ಪುಟ್ಟಾ. ನಾನು ಲೈನಲ್ಲೇ ಇರ್ತೀನಿ. ತಪ್ಪಾದ್ರೆ ಬಿಡಲ್ಲ."

ಅವಳಿಗೆ ಸಿಟ್ಟು ಬಂದಿತ್ತು, ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಕಾಗದ ಸರಿದ ಸದ್ದು. ಪೆನ್ನಿನ ಸದ್ದು. ಮಗುವೊಂದು ಅಳುತ್ತಿತ್ತು. ನಾನು ಇನ್ನೊಂದು ಕೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ. ಕೆಳಗೆ ನೋಡಿದರೆ ನನ್ನ ಉಗುರೂ ಬೆಳ್ಳಗಾಗಿತ್ತು.

ಕೊನೆಗೆ ಅವಳ ದನಿ ಫೋನಿನಿಂದ ದೂರದಲ್ಲಿ ಕೇಳಿಸಿತು. ನನಗಲ್ಲ, ಆ ತಾಯಿಗೆ ಹೇಳುತ್ತಿದ್ದಳು. "ಏಳೂವರೆ ಎಂ.ಎಲ್. ಕೊಡಿ ಅಮ್ಮಾ. ಇಲ್ನೋಡಿ, ಈ ಗೆರೆವರೆಗೆ."

ಆಮೇಲೆ, "ಅಪ್ಪಾ, ಇದೀಯಾ?"

"ಇದೀನಿ."

ಸರೀನಾ ಎಂದು ಅವಳು ಕೇಳಲಿಲ್ಲ.