ಸೋದರಮಾವನ ಹೊದಿಕೆ

ಅಂಗಳದಲ್ಲಿ ಹೆಂಗಸರು ಮೆಕ್ಕೆಜೋಳ ಕುಟ್ಟುತ್ತಿದ್ದರು. ಫಿರ್ಮಿನಾ ತೀರಿಕೊಂಡು ಮೂರನೆಯ ದಿನ. ಬಂದ ನೆಂಟರಿಗೆ ಉಣ್ಣಲು ಹಾಕಲೇಬೇಕು, ಹಾಕುತ್ತಿದ್ದರು. ಒಳಗೆ ಶವಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದೇ ಇತ್ತು. ನಮ್ಮ ತಿಮೋರಿನಲ್ಲಿ ಹೆಣ್ಣು ಸತ್ತರೆ ತವರಿನ ಅಣ್ಣನೋ ತಮ್ಮನೋ ಬಂದು ಕೈಮಗ್ಗದ ಬಟ್ಟೆ ಹೊದಿಸಬೇಕು, ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಬೇಕು. ಇಲ್ಲದಿದ್ದರೆ ಅವಳು ಯಾವ ಮನೆಗೂ ಸೇರದವಳಾಗುತ್ತಾಳೆ.

ಫಿರ್ಮಿನಾಳ ತಮ್ಮ ಗಾಸ್ಪರ್ ಇದ್ದದ್ದು ನದಿಯ ಆಚೆ ದಡದಲ್ಲಿ. ಅದು ಇಂಡೋನೇಷ್ಯಾ. ಮೊದಲ ದಿನವೇ ಬಟ್ಟೆ ಹೆಗಲಿಗೆ ಹಾಕಿಕೊಂಡು ಗಡಿ ಠಾಣೆಗೆ ಬಂದಿದ್ದ. ಫಿರ್ಮಿನಾಳ ಮಗ ಅನ್ಸೆಲ್ಮು ಗಡಿ ಪೊಲೀಸು. ತಾನೇ ಹೋಗಿ, ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳಿ, ಇಲ್ಲವೆಂದಾಗ ಮಾವನನ್ನು ವಾಪಸು ಕಳಿಸಿದ್ದ. ಸಂತೆಗೆಂದು ಆಚೆಯಿಂದ ಬರುವ ಹೆಂಗಸರಿಗೆ ಅವನು ಎಂದೂ ಆ ಪ್ರಶ್ನೆ ಕೇಳಿದವನಲ್ಲ.

"ಏನೋ ದೊರೆ, ನಿನ್ನ ಸರ್ಕಾರಕ್ಕೆ ವಯಸ್ಸೆಷ್ಟು?" ಅಡಿಕೆ ಅಗಿಯುತ್ತ ಕೇಳಿದಳು ಸಬಿನಾ, ಅವನ ಸೋದರತ್ತೆ.

"ಹತ್ತು."

"ನನ್ನ ಕೋಣಕ್ಕೆ ಹನ್ನೆರಡು."

ಒಲೆಯ ಬಳಿ ಇದ್ದವರು ನಕ್ಕರು. ಅನ್ಸೆಲ್ಮು ನಗಲಿಲ್ಲ.

"ಇಂಡೋನೇಷ್ಯಾ ಬೇಡ ಅಂತ ಮತ ಹಾಕಿದ ವರ್ಷ ನಮ್ಮನೆ ಸುಟ್ಟು ಅಪ್ಪನ್ನ ಎಳಕೊಂಡು ಹೋದೋರ ಲಾರೀಲೇ ಮಾವ ಆಚೆ ಹೋದ. ಅಪ್ಪ ಜೀವ ಕೊಟ್ಟಿದ್ದಕ್ಕೆ ಈ ದೇಶ ಬಂತು, ಅತ್ತೆ."

"ನಿಮ್ಮಪ್ಪ ನನ್ನ ತಮ್ಮ ಕಣೋ. ಹೆಣಾನೂ ಸಿಗಲಿಲ್ಲ ನನಗೆ. ದೇಶ ಬೇಕಿತ್ತು, ಬಂತು. ಬಾವುಟ ಏರಿಸಿದ ದಿನ ನಾನೂ ಅತ್ತಿದ್ದೆ. ಆದ್ರೆ ಈ ನದೀಲಿ ಗೆರೆ ಎಳೆದದ್ದು ನಿಮ್ಮಪ್ಪ ಅಲ್ಲ. ಎಲ್ಲಿಂದಲೋ ಬಂದ ಇಬ್ರು ಬಿಳಿಯರು ಹಂಚಿಕೊಂಡಿದ್ದು. ಅವರಿಗೆ ಇಲ್ಲಿ ಅಕ್ಕ ಇರಲಿಲ್ಲ, ತಮ್ಮ ಇರಲಿಲ್ಲ."

"ಹಾಗಾದ್ರೆ ಅವನು ಮಾಡಿದ್ದು ಸರಿನಾ?"

"ತಪ್ಪೇ. ಅವನನ್ನೇ ಕೇಳು. ಶಿಕ್ಷೆ ನಿಮ್ಮಮ್ಮನಿಗೆ ಯಾಕೆ?"

ಅನ್ಸೆಲ್ಮು ಎದ್ದು ಠಾಣೆಗೆ ಹೋಗಿ ಮೇಲಧಿಕಾರಿಯ ಮುಂದೆ ನಿಂತು, ಒಂದು ದಿನದ ಮಟ್ಟಿಗೆ ಮಾವನನ್ನು ಬಿಡಿ ಎಂದು ಬೇಡಿದ.

"ಇವನನ್ನ ಬಿಡಲೇಬಾರದು ಅಂತ ಮೊನ್ನೆ ಬರೆದು ಕಳಿಸಿದ್ದು ನೀನೇ ಅಲ್ವೇನಪ್ಪಾ? ಕಾಗದ ರಾಜಧಾನಿಗೆ ಹೋಗಿಯಾಯ್ತು. ಈಗ ಅದು ನನ್ನ ಕೈಲಿಲ್ಲ."

ಮಧ್ಯಾಹ್ನ ಪೆಟ್ಟಿಗೆಯನ್ನು ಮನೆಯಿಂದ ಹೊರಗೆ ತಂದರು. ಅನ್ಸೆಲ್ಮು ಮುಂದಿನ ಹೆಗಲು ಕೊಟ್ಟು, ಗುಡ್ಡದ ಸ್ಮಶಾನದ ಕಡೆಗೆ ತಿರುಗದೆ, ನದಿಗೆ ಇಳಿದ. ಬೇಸಿಗೆಯ ನೀರು, ಮೊಣಕಾಲುದ್ದ. ನಟ್ಟನಡುವೆ ಪೆಟ್ಟಿಗೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದು ನಿಂತರು. ಗೆರೆ ಅಲ್ಲೇ ಎಲ್ಲೋ ಇದ್ದಿರಬೇಕು. ಯಾರ ಕಣ್ಣಿಗೂ ಕಾಣಲಿಲ್ಲ.

ಮೂರು ದಿನದಿಂದ ಆಚೆ ದಡದಲ್ಲೇ ಕೂತಿದ್ದ ಗಾಸ್ಪರ್ ಎಡವುತ್ತ ಬಂದ. ಆಚೆಯ ಸೈನಿಕರು ಬೇರೆ ಕಡೆ ಮುಖ ತಿರುಗಿಸಿದರು.

"ಅಕ್ಕಾ, ತಡ ಆಯ್ತಲ್ಲೇ," ಎಂದು ಬಟ್ಟೆ ಹೊದಿಸಿ ಅದರ ಅಂಚನ್ನು ಗಲ್ಲದ ಕೆಳಗೆ ಸಿಕ್ಕಿಸಿದ.

"ಮಾವ... ಅಪ್ಪನ್ನ?" ಎಂದ ಅನ್ಸೆಲ್ಮು.

"ನಾನು ಕೊಲ್ಲಲಿಲ್ಲ ಮಗಾ. ತಡೀಲೂ ಇಲ್ಲ."

ಮುಚ್ಚಳ ಹಾಕಿದರು. ಗಾಸ್ಪರ್ ಬಗ್ಗಿ ನದಿಯ ತಳದಿಂದ ಒಂದು ಹಿಡಿ ಮರಳು ತೆಗೆದು ಅಳಿಯನ ಅಂಗೈಗೆ ಹಾಕಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

"ಅಲ್ಲಿತನಕ ನಾನು ಬರೋ ಹಾಗಿಲ್ಲ. ಮೊದಲು ಇದನ್ನ ಹಾಕು."

ದಡ ಹತ್ತುವಾಗ ಅಧಿಕಾರಿ ಎದುರಾದ. "ಕೈಯಲ್ಲೇನೋ ಅದು? ಆಚೆಯಿಂದ ಏನು ತಂದೆ?"

ಅನ್ಸೆಲ್ಮು ಮುಷ್ಟಿ ಬಿಚ್ಚಲಿಲ್ಲ.

"ಅಮ್ಮನ ತವರು ಸಾರ್," ಎಂದು ಗುಡ್ಡದ ದಾರಿ ಹಿಡಿದ.