ಸಡಿಲವಾದ ಪ್ಯಾಂಟು

ಬೀದಿಯವರ ಸೊಂಟದಳತೆಯೆಲ್ಲ ದರ್ಜಿಗೆ ಬಾಯಿಪಾಠ, ತನ್ನದೊಂದನ್ನು ಬಿಟ್ಟು. ತನ್ನ ಪ್ಯಾಂಟು ಬಿಗಿಯಾದರೆ ಬಟ್ಟೆ ಕುಗ್ಗಿತು ಎನ್ನುತ್ತಿದ್ದ. ಹೆಂಡತಿ ಎದುರಾಡುತ್ತಿರಲಿಲ್ಲ. ಅಂಗಡಿಯ ಕಾಜಾ, ಗುಂಡಿ ಕೆಲಸ ಮುಗಿಸಿ, ಅವನ ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯನ್ನು ಒಂದಿಷ್ಟು ಬಿಟ್ಟು ಹೊಲಿದಿಡುತ್ತಿದ್ದಳು. ಗಂಡನ ಮಾನ ಉಳಿಯಲಿ ಎಂದು.

ಎದೆನೋವು ಬಂದು ಅವನು ಆಸ್ಪತ್ರೆ ಸೇರಿದ. ತೂಕ ಇಳಿಸಿ, ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಉಸಿರಾಟ ಹಾಯಾಗಿರಲಿ ಎಂದು ಅವಳು ಈ ಸಲ ಪ್ಯಾಂಟಿನ ಬಟ್ಟೆಯನ್ನು ಧಾರಾಳವಾಗಿಯೇ ಬಿಟ್ಟಳು.

ಅಷ್ಟರಲ್ಲಿ ಮೈದುನ ಡಬ್ಬಿಯೊಂದನ್ನು ಹಿಡಿದು ಬಂದ. ಕೂದಲೆಣ್ಣೆ ಮಾರಿ ಕೈಸುಟ್ಟುಕೊಂಡವನು ಈಗ ಹೊಟ್ಟೆಯ ಪಂಡಿತನಾಗಿದ್ದ.

"ಅಣ್ಣಾ, ನಿನ್ನ ಕರುಳಲ್ಲಿ ಕೆಟ್ಟ ಬ್ಯಾಕ್ಟೀರಿಯಾ ದರ್ಬಾರು ಮಾಡ್ತಿವೆ. ಅದಕ್ಕೇ ಬೊಜ್ಜು, ಅದಕ್ಕೇ ಎದೆನೋವು. ಈ ಪುಡಿಯಲ್ಲಿ ಒಳ್ಳೇವಿವೆ."

"ಒಳ್ಳೇವು ಪಾಪ, ಡಬ್ಬಿಯಲ್ಲಿ ಏನು ತಿಂದ್ಕೊಂಡಿರ್ತಾವೆ?" ಎಂದಳು ಅವಳು.

"ಅತ್ತಿಗೆ, ಇದು ವಿಜ್ಞಾನ."

"ಕೂದಲೆಣ್ಣೆನೂ ವಿಜ್ಞಾನನೇ ಆಗಿತ್ತಲ್ಲಪ್ಪ. ನಿನ್ನ ಬೋಳುತಲೆಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅನ್ಸುತ್ತೆ."

ದರ್ಜಿ ಪುಡಿಯನ್ನು ಸಕ್ಕರೆ ಹಾಲಿನಲ್ಲಿ ಕಲಸಿ, ಜೊತೆಗೆ ಬೆಣ್ಣೆ ಬಿಸ್ಕತ್ತು ತಿನ್ನುತ್ತಾ ಕುಡಿದ. ಮರುವಾರವೇ ಗಿರಾಕಿಗಳೆದುರು ಪ್ಯಾಂಟಿನ ಪಟ್ಟಿಯೊಳಗೆ ಕೈ ತೂರಿಸಿ ತೋರಿಸತೊಡಗಿದ. "ನೋಡಿ, ಹೇಗೆ ಕರಗಿದೀನಿ." ಬೇರೆಯವರು ಹೊಲಿದ ಬಟ್ಟೆಯ ತಪ್ಪನ್ನು ದೂರದಿಂದಲೇ ಹಿಡಿಯುವ ಮಹಾಶಯನಿಗೆ ತನ್ನ ಬೆನ್ನಹಿಂದಿನ ಹೊಸ ಹೊಲಿಗೆ ಕಾಣಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಾಸಿಗೆ ಕೊಡವುವಾಗ ಮಾತ್ರೆಯ ಪಟ್ಟಿ ಒಡೆಯದೆ ಬಿದ್ದಿದ್ದು ಕಂಡಾಗ ನಗು ಆರಿತು.

"ಮಾತ್ರೆ ಯಾಕ್ರೀ ಬಿಟ್ರಿ?"

"ಇನ್ನ್ಯಾಕೆ ಅದು? ಪ್ಯಾಂಟೇ ಸಾಕ್ಷಿ ಹೇಳ್ತಿದೆಯಲ್ಲ."

ಅವಳು ಆ ಪ್ಯಾಂಟು ತಂದು ಒಳಬದಿ ಹೊರಳಿಸಿ ಅವನ ಮುಂದೆ ಹರವಿದಳು. ಬಿಚ್ಚಿದ ಹೊಲಿಗೆಗಳ ಸೂಜಿತೂತುಗಳು ಸಾಲುಸಾಲಾಗಿ ಕಂಡವು.

"ಕರಗಿದ್ದು ನೀವಲ್ಲ. ಬಟ್ಟೆ ಬಿಟ್ಟಿದ್ದು ನಾನು. ಪ್ರತಿ ಸಲವೂ."

ದರ್ಜಿ ಒಂದೊಂದೇ ಸಾಲನ್ನು ಬೆರಳಿನಿಂದ ಸವರಿದ. ಹೊಸ ಡಬ್ಬಿ ಕೊಡಲು ಬಂದಿದ್ದ ಮೈದುನ ಗಂಟಲು ಸರಿಮಾಡಿಕೊಂಡ. "ಪುಡಿ ಒಳಗೊಳಗೇ ಕೆಲಸ ಮಾಡುತ್ತೆ, ಅತ್ತಿಗೆ."

"ಹಾಗಾದ್ರೆ ನೀನೂ ಬಾ, ಡಾಕ್ಟರ ಮುಂದೆ ಹೇಳು."

ಡಾಕ್ಟರು ಡಬ್ಬಿಯನ್ನು ತಿರುಗಿಸಿ ನೋಡಿದರು. "ಕರುಳಿನ ಬ್ಯಾಕ್ಟೀರಿಯಾಕ್ಕೂ ಬೊಜ್ಜಿಗೂ ಹೃದಯಕ್ಕೂ ನಂಟಿದೆ ಅನ್ನೋದು ಸುಳ್ಳಲ್ಲ. ಸಂಶೋಧನೆ ಇನ್ನೂ ನಡೀತಿದೆ. ಆದ್ರೆ ಮಾತ್ರೆ ಬಿಟ್ಟು ಇದನ್ನ ತಿನ್ನಿ ಅಂತ ಯಾರೂ ಹೇಳಿಲ್ಲ. ಸೊಪ್ಪು, ಕಾಳು, ತರಕಾರಿ ತಿಂದ್ರೆ ಆ ಬ್ಯಾಕ್ಟೀರಿಯಾಕ್ಕೂ ಒಳ್ಳೇದು. ಇವತ್ತಿಂದಲೇ ಮಾತ್ರೆ ಶುರು ಮಾಡಿ. ದಿನಾ ನಿಧಾನವಾಗಿ ನಡೀರಿ."

ದರ್ಜಿ ಅಲ್ಲೇ ಮಾತ್ರೆ ನುಂಗಿದ. ಹೊರಗೆ ಬಂದೊಡನೆ ಮೈದುನ ಆಟೋ ಕೂಗಿ ಹತ್ತಿ ಕುಳಿತ. "ಬಾ ಅಣ್ಣಾ, ಪುಡಿಗೆ ಇನ್ನೂ ಸ್ವಲ್ಪ ಟೈಮ್ ಕೊಡು."

ದರ್ಜಿಯ ಒಂದು ಕಾಲು ಆಟೋದ ಕಡೆಗೆ ಎದ್ದಿತು. ಅವಳು ಮನೆಯತ್ತ ನಿಧಾನಕ್ಕೆ ನಡೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಚಪ್ಪಲಿಯ ಸದ್ದೂ, "ನಿಲ್ಲೇ, ಬರ್ತಿದೀನಿ" ಎಂಬ ಗೊಣಗಾಟವೂ ಕೇಳಿದವು.