ನೆಲ ಕರಗುವ ಮುನ್ನ

ಏಪ್ರಿಲ್ ಮೊದಲ ವಾರ ತುರ್ಕು ನಗರದಲ್ಲಿ ಬಾಡಿಗೆಗೆ ಪಡೆದ ನನ್ನ ತುಂಡು ತೋಟಕ್ಕೆ ಹೋದರೆ, ಅಮ್ಮ ನೆಟ್ಟ ಗುಲಾಬಿ ಬತ್ತಲೆ ನಿಂತಿತ್ತು. ಚಳಿಗಾಲಕ್ಕೆ ನಾನು ಹೊದಿಸಿದ್ದ ಸ್ಪ್ರೂಸ್ ಮರದ ಕೊಂಬೆಗಳನ್ನು ಪಕ್ಕದ ತೋಟದ ಔಲಿಸ್ ತೆಗೆದು ಬೇಲಿಗೆ ಒಟ್ಟಿದ್ದರು.

"ಯಾರನ್ನ ಕೇಳಿ ತೆಗೆದ್ರಿ?"

"ವಾರದಿಂದ ಎಂಥಾ ಬಿಸಿಲು ಹೆಲ್ವಿ! ಪಾಪ, ಗಿಡ ಉಸಿರಾಡ್ಲಿ ಅಂತ. ಉಪಕಾರ ಮಾಡಿದ್ರೆ ಜಗಳಕ್ಕೆ ಬರ್ತೀಯಲ್ಲ, ಥೇಟ್ ನಿಮ್ಮಮ್ಮ!"

"ಬಿಸಿಲು ನೋಡಿ ತೆಗೆಯೋದಾ, ನೆಲ ನೋಡಿ ತೆಗೆಯೋದಾ?" ಅಲ್ಲೇ ಬಿದ್ದಿದ್ದ ಕಬ್ಬಿಣದ ಸರಳನ್ನು ಅವರ ಕೈಗಿಟ್ಟೆ. "ಚುಚ್ಚಿ ನೋಡಿ."

ಸರಳು ಎರಡು ಬೆರಳಿನಷ್ಟು ಇಳಿದು, ಕಲ್ಲಿಗೆ ಬಡಿದಂತೆ ಠಣ್ಣೆಂದಿತು. ಕೆಳಗಿನ್ನೂ ಮಂಜುಗಡ್ಡೆ. ಬೇರು ನೀರೆಳೆಯದಿರುವಾಗ ಬಿಸಿಲು ಬಿದ್ದರೆ ಕಡ್ಡಿಗಳು ಒಣಗಿ ಸಾಯುತ್ತವೆ. ಇದನ್ನು ಅಮ್ಮನಿಗೆ ಕಲಿಸಿದವರೇ ಔಲಿಸ್.

ಉಗುರಿನಿಂದ ಸಿಪ್ಪೆ ಕೆರೆದೆ. ತುದಿಯಿಂದ ನಡುವಿನವರೆಗೂ ಕಂದು. ಬುಡದಲ್ಲಿ ಮಾತ್ರ ಒಂದು ಗೇಣು ಹಸಿರಿತ್ತು.

ಔಲಿಸ್ ಬೇಲಿಯಿಂದ ಕೊಂಬೆಗಳನ್ನು ತಂದು ಬುಡಕ್ಕೆ ಒರಗಿಸತೊಡಗಿದರು. ನಾನು 'ಹೋಗ್ಲಿ ಬಿಡಿ' ಎನ್ನಬಹುದಿತ್ತು. ಅನ್ನಲಿಲ್ಲ.

"ಆ ಕಡೆ ಬಿಸಿಲು ಬೀಳ್ತಿದೆ," ಎಂದೆ. "ಇನ್ನೊಂದು ಹಾಕಿ."